ಪರದೇಶದ ವೃತ್ತಾಂತ, ಸ್ವದೇಶದ ನುಡಿ
(ತೋವಿನಕೆರೆಯಲ್ಲಿ ಮಾಡಿದ ಭಾಷಣ)



ತೋವಿನಕೆರೆಯ ಸಭೆಯಲ್ಲಿ ಜಪಾನಿನ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಅನ್ಯದೇಶಗಳ ಸಮಾಚಾರವು ಜನಸಾಮಾನ್ಯರ ಮನೆಗೆ ಮುಟ್ಟಬೇಕಾದರೆ ಅದು ಯಾವ ಭಾಷೆಯಲ್ಲಿ ಬರಬೇಕು? ಈ ಪ್ರಶ್ನೆಯು ನಮ್ಮ ಉಪಾಧ್ಯಾಯರದೂ ಹೌದು. ಜಪಾನೀಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದಕ್ಕೆ ಉತ್ತರವಿತ್ತರು.

ಆ ಉತ್ತರವು ಸುಲಭವಾಗಿ ದೊರೆತುದಲ್ಲ. ಹೊರದೇಶಗಳ ಸಂಪರ್ಕವನ್ನು ಅಲ್ಲಿಯ ಸರ್ಕಾರವು ಬಿಗಿಯಾಗಿ ತಡೆದಿದ್ದ ಕಾಲದಲ್ಲಿ, ಡಚ್ಚರ ಗ್ರಂಥಗಳ ಮೂಲಕ ಜಗತ್ತಿನ ಸ್ಥಿತಿಯನ್ನು ತಿಳಿದು ಬರೆದವರಲ್ಲಿ ವತನಬೆ ಕಜಾನನು ಒಬ್ಬನು. 1839ರಲ್ಲಿ ಅವನನ್ನು ಸೆರೆಹಿಡಿದರು. ಮನೆಯನ್ನು ಶೋಧಿಸಿದಾಗ ಸಿಕ್ಕಿದ, ಅಚ್ಚನ್ನೇ ಕಾಣದ ಕರಡೊಂದು ಅವನಿಗೆ ವಿರುದ್ಧವಾದ ಸಾಕ್ಷಿಯಾಯಿತು. ವಕೀಲರಾದ ನಮಗೆ ಇದು ಮರೆಯತಕ್ಕ ಮೊಕದ್ದಮೆಯಲ್ಲ. 1841ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ತರುವಾಯ ಬಂದವನು ಫುಕುಜಾವ ಯುಕಿಚಿ. 1860ರಲ್ಲಿ ಅಮೆರಿಕವನ್ನೂ 1862ರಲ್ಲಿ ಯೂರೋಪನ್ನೂ ಕಂಡನು. ಯಂತ್ರಗಳ ವಿವರವು ಹೇಗೂ ಪುಸ್ತಕದಲ್ಲಿ ದೊರೆಯುವುದೆಂದು, ಅಲ್ಲಿಯವರಿಗೆ ತೀರ ಸಾಮಾನ್ಯವಾದುದನ್ನೇ ಅವನು ಕೇಳುತ್ತ ಹೋದನು: ಆಸ್ಪತ್ರೆಯ ಖರ್ಚನ್ನು ಕೊಡುವವರಾರು? ಬ್ಯಾಂಕಿನಲ್ಲಿ ಹಣವು ಹೇಗೆ ಬಂದು ಹೋಗುವುದು? ಟಪ್ಪಾಲು ಹೇಗೆ ನಡೆಯುವುದು? ಪಾರ್ಲಿಮೆಂಟಿನಲ್ಲಿ ಕಾದಾಡುವ ಎರಡು ಪಕ್ಷದವರು ಒಂದೇ ಮೇಜಿನಲ್ಲಿ ಕುಳಿತು ಉಣ್ಣುವುದು ಮಾತ್ರ ಅವನಿಗೆ ಬಹುಕಾಲ ಒಗಟಾಗಿತ್ತಂತೆ! 1866ರಿಂದ ಹೊರಬಂದ 'ಸೇಯೋ ಜಿಜೋ' ಎಂಬ ಗ್ರಂಥದಲ್ಲಿ ಪಾಶ್ಚಾತ್ಯ ದೇಶಗಳ ಸ್ಥಿತಿಗತಿಗಳನ್ನು ಪಂಡಿತರ ಬಿಗಿಯನ್ನು ಬಿಟ್ಟು ತಿಳಿಯಾಗಿ ಬರೆದನು. 1869ರಲ್ಲಿ ಮಕ್ಕಳಿಗೋಸ್ಕರ ಲೋಕದ ಭೂಗೋಳವನ್ನೇ ಪದ್ಯವಾಗಿಸಿದನು. ನಮ್ಮ ಕೂಲಿಮಠಗಳಲ್ಲಿ ಮಗ್ಗಿಯನ್ನು ಹೇಳಿಸಿದಂತೆ ರಾಗವಾಗಿ ಬಾಯಿಪಾಠ ಮಾಡಿಸಬಹುದಾದ ಪುಸ್ತಕವದು. 1871ರಿಂದ 1873ರವರೆಗೆ ದೇಶಸಂಚಾರ ಮಾಡಿದ ಇವಾಕುರ ನಿಯೋಗದ ವೃತ್ತಾಂತವನ್ನು ಕುಮೆ ಕುನಿತಾಕೆಯು 1878ರಲ್ಲಿ ಐದು ಸಂಪುಟಗಳಲ್ಲಿ ಪ್ರಕಟಿಸಿದನು.

ಇವರ ಎಲ್ಲ ನಡೆಯೂ ನಮಗೆ ಒಪ್ಪಿಗೆಯೆಂದಲ್ಲ. ಚೀನಾ ಕೊರಿಯಾಗಳ ಸಹವಾಸವನ್ನು ತೊರೆದು ಪಾಶ್ಚಾತ್ಯರೊಡನೆ ಸೇರಬೇಕೆಂದು ಫುಕುಜಾವನ ಪತ್ರಿಕೆಯು 1885ರಲ್ಲಿ ಬರೆಯಿತು. 1895ರಲ್ಲಿ ತೈವಾನ್, 1910ರಲ್ಲಿ ಕೊರಿಯಾ ಜಪಾನಿನ ವಶವಾದುವು. ದೂರದವರನ್ನು ಅರಿಯುವ ವಿದ್ಯೆಯು ನೆರೆಯವರನ್ನು ತುಚ್ಛವಾಗಿ ಕಾಣಲು ಕಲಿಸಿದರೆ ಅದರಿಂದ ಫಲವೇನು?

ನಮ್ಮ ಕಡೆಯ ಸಂಗತಿಯನ್ನು ನೋಡೋಣ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ವಿದ್ಯಾಭ್ಯಾಸವನ್ನೂ ಕೈಗಾರಿಕೆಗಳನ್ನೂ ಕಂಡು ಬಂದರು. ದೇಶದ ಪುನರ್ರಚನೆಯನ್ನು ಕುರಿತ ಅವರ ಗ್ರಂಥವು 1920ರಲ್ಲಿ ಹೊರಬಂದಿತು, ಇಂಗ್ಲಿಷಿನಲ್ಲಿ. ಅಲ್ಲಿಯ ಶಾಲೆಯ ವೆಚ್ಚವನ್ನು ಹೊರುವವರಾರು, ಒಕ್ಕಲಿಗನಿಗೆ ಸಾಲವು ಯಾವ ಬಡ್ಡಿಗೆ ಹುಟ್ಟುವುದು, ಎಂದು ಕೊರಟಗೆರೆಯ ಸಂತೆಗೆ ಬರುವ ರೈತನೂ ಫುಕುಜಾವನಂತೆಯೇ ಕೇಳಬಲ್ಲವನಾಗಿದ್ದನು. ಆ ಪುಸ್ತಕವನ್ನು ಅವನ ಕೈಯಲ್ಲಿಟ್ಟಿದ್ದರೂ ಅವನು ಅದರಲ್ಲಿ ಒಂದು ಸಾಲನ್ನೂ ಓದಲಾರದೆ ಹೋಗುತ್ತಿದ್ದನು.