ಟಿ.ಬಿ. ಗುಳಿಗೆಯೂ ಮಾಲಾ ಮಾತ್ರೆಯೂ

ಟಿ.ಬಿ. ಚಿಕಿತ್ಸೆ ಶುರುವಾದೊಡನೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ‘ಹೆದರಬೇಡಮ್ಮ, ಅದು ರಿಫಾಂಪಿಸಿನ್ ಗುಳಿಗೆಯ ಬಣ್ಣ’ ಎಂದು ಯಾರಾದರೂ ಹೇಳಿದರೆ ಸಮಾಧಾನ. ಆದರೆ ಅದೇ ಗುಳಿಗೆ ಕಣ್ಣಿಗೆ ಕಾಣದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದನ್ನೂ ಹೇಳಬೇಕು.

ಗರ್ಭನಿರೋಧಕ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆ ದಶಕದ ಕೊನೆಗೆ ರಿಫಾಂಪಿಸಿನ್ ಬಳಕೆಗೆ ಬಂತು. ಎರಡನ್ನೂ ಒಟ್ಟಿಗೆ ನುಂಗುತ್ತಿದ್ದ ಹೆಂಗಸರಲ್ಲಿ ನಡುನಡುವೆ ರಕ್ತಸ್ರಾವವಾಗುವುದನ್ನು 1971ರಲ್ಲಿ ಜರ್ಮನಿಯ ವೈದ್ಯರು ಗಮನಿಸಿ ಬರೆದರು. ಮಾತ್ರೆ ತಪ್ಪಿಸದವರೂ ಬಸಿರಾಗಿದ್ದರು. ಕಾರಣ ಲಿವರಿನಲ್ಲಿತ್ತು. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಅವು ಮಾತ್ರೆಯ ಹಾರ್ಮೋನನ್ನು ಬೇಗಬೇಗನೆ ಒಡೆದುಹಾಕುತ್ತವೆ. ನಮ್ಮ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಹಾರ್ಮೋನು ಕೇವಲ 0.03 ಮಿಲಿಗ್ರಾಂ. ಅಷ್ಟರಲ್ಲೇ ಸೋರಿಹೋದರೆ ಉಳಿಯುವುದೆಷ್ಟು?

ರಿಫಾಂಪಿಸಿನ್ ಕೂಡ ಒಂದು ಆ್ಯಂಟಿಬಯಾಟಿಕ್ ತಾನೇ? ಆಮೇಲೆ ಅನುಮಾನ ಎಲ್ಲ ಆ್ಯಂಟಿಬಯಾಟಿಕ್‌ಗಳಿಗೂ ಹಬ್ಬಿತು. 1975ರಲ್ಲಿ ಆಂಪಿಸಿಲಿನ್ ಮೇಲೂ ದೂರು ಬಂತು. ಕರುಳಿನ ಬ್ಯಾಕ್ಟೀರಿಯಾ ಸತ್ತರೆ ಈಸ್ಟ್ರೋಜನ್ ಮತ್ತೆ ರಕ್ತಕ್ಕೆ ಸೇರುವುದಿಲ್ಲ ಎಂಬ ವಾದ ಹುಟ್ಟಿತು. ಕೇಳಲು ಸರಿಯೆನಿಸುವ ವಾದವೇ. ಹಾಗಾಗಿ ಗಂಟಲುನೋವಿಗೆ ಅಮಾಕ್ಸಿಸಿಲಿನ್ ಬರೆದರೂ ‘ಬೇರೆ ರಕ್ಷಣೆಯನ್ನೂ ಬಳಸಿ’ ಎನ್ನುವುದು ದಶಕಗಳ ಕಾಲ ರೂಢಿಯಾಯಿತು. ರಕ್ತದಲ್ಲಿ ಹಾರ್ಮೋನನ್ನು ಅಳೆದು ನೋಡಿದಾಗ ಮಾತ್ರ ಆ ಇಳಿಕೆ ಕಾಣಲಿಲ್ಲ. 2011ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಅದೇ: ಸಾಮಾನ್ಯ ಆ್ಯಂಟಿಬಯಾಟಿಕ್‌ನಿಂದ ತೊಂದರೆಯಿಲ್ಲ, ರಿಫಾಂಪಿಸಿನ್ ಮತ್ತು ಅದರ ದಾಯಾದಿ ರಿಫಾಬ್ಯುಟಿನ್ ಜೊತೆ ಮಾತ್ರ ಎಚ್ಚರ. ಹಾಂ, ಔಷಧದಿಂದ ವಾಂತಿಯೋ ಜೋರು ಭೇದಿಯೋ ಆದರೆ ಮಾತ್ರೆ ಮೈಗೆ ಹತ್ತದೇ ಹೋಗಬಹುದು. ಅದು ಬೇರೆ ವಿಷಯ.

ಎಲ್ಲ ಔಷಧಕ್ಕೂ ಹೆದರಿಸುತ್ತಾ ಹೋದರೆ, ಹೆದರಲೇಬೇಕಾದ ಔಷಧದ ಮಾತು ಕಿವಿಗೆ ಬೀಳುವುದಿಲ್ಲ. ನನ್ನ ಸಂಕಟ ಇದೇ. ನಮ್ಮಲ್ಲಿ ಟಿ.ಬಿ. ಬಂದವರು ಸಾಮಾನ್ಯವಾಗಿ ಆರು ತಿಂಗಳು ದಿನವೂ ರಿಫಾಂಪಿಸಿನ್ ನುಂಗುತ್ತಾರೆ. ಅವರಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರು ಎಷ್ಟೋ ಮಂದಿ. ಟಿ.ಬಿ. ಗುಳಿಗೆ ಒಂದು ಕಡೆ, ಮಾಲಾ-ಎನ್ ಇನ್ನೊಂದು ಕಡೆ ಸಿಗುವಾಗ, ಎರಡನ್ನೂ ಕೂಡಿಸಿ ಕೇಳುವವರು ಯಾರು?

ತಾಯಂದಿರೇ, ಟಿ.ಬಿ. ಗುಳಿಗೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬದಲಿಸಬೇಕಾದ್ದು ಗರ್ಭನಿರೋಧಕವನ್ನು. ವಂಕಿ, ಅಂದರೆ ಕಾಪರ್-ಟಿ, ಮತ್ತು ಅಂತರಾ ಚುಚ್ಚುಮದ್ದನ್ನು ರಿಫಾಂಪಿಸಿನ್ ಕೆಡಿಸುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ 28 ದಿನ ಮಾತ್ರೆಯೊಂದನ್ನೇ ನಂಬಬೇಡಿ. ಗುಳಿಗೆ ಕೊಡುವವರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ: ‘ನಾನು ಮಾಲಾ ಮಾತ್ರೆ ತಗೋತಿದೀನಿ.’