ಹೆಸರು ಹಲವು, ಒಳಗಿನ ಔಷಧಿ ಒಂದೇ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಸಂಘಗಳ ಲೆಕ್ಕಪುಸ್ತಕ ಪರಿಶೀಲಿಸುವಾಗ ನಾವು ಒಂದು ವಿಷಯ ಗಮನಿಸಿದೆವು. ಹಸು ಕೊಳ್ಳಲು ಸಾಲ, ಹೊಲಿಗೆ ಯಂತ್ರಕ್ಕೆ ಸಾಲ, ಮಕ್ಕಳ ಫೀಸಿಗೆ ಸಾಲ. ಇವುಗಳ ಜೊತೆಗೆ 'ಔಷಧಿ ಖರ್ಚು' ಅಂತ ಬರೆದ ಸಾಲಗಳೂ ಸಾಕಷ್ಟಿವೆ. ಹಸು ಹಾಲು ಕೊಡುತ್ತೆ, ಸಾಲ ತೀರುತ್ತೆ. ಔಷಧಿಯ ಸಾಲ ಹಾಗಲ್ಲ. ಬಿಪಿ, ಶುಗರ್ ಇರುವವರಿಗೆ ಅದು ತಿಂಗಳು ತಿಂಗಳೂ ಬರುವ ಖರ್ಚು.

ಹಿಂದೆ ಮನೆಭೇಟಿಗೆ ಹೋದಾಗ ಒಬ್ಬ ಸದಸ್ಯೆ ನಮಗೆ ಹೇಳಿದ್ದರು: "ಬಿಪಿ ಮಾತ್ರೆ ಒಂದಿನ ಬಿಟ್ಟು ಒಂದಿನ ತಗೋತೀನಿ ಮೇಡಂ, ಒಂದು ತಿಂಗಳದ್ದು ಎರಡು ತಿಂಗಳು ಬರುತ್ತೆ." ಹಾಗೆ ಮಾಡಬೇಡಿ ಅಂತ ಗದರಿ ಬಂದೆವೇ ಹೊರತು, ಬೇರೆ ದಾರಿ ತೋರಿಸಲಿಲ್ಲ. ಕೆಲವೇ ತಿಂಗಳಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅಂದು ಹೇಳಬೇಕಾಗಿದ್ದನ್ನು ಇವತ್ತು ಹೇಳುತ್ತಿದ್ದೇವೆ.

"ನಮ್ಮ ಹತ್ರ ಆಯುಷ್ಮಾನ್ ಕಾರ್ಡ್ ಇದೆಯಲ್ಲ" ಅಂತ ಕೆಲವರು ಕೇಳುತ್ತಾರೆ. ಕಾರ್ಡ್ ಖಂಡಿತ ಇರಲಿ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿ ಅದರಲ್ಲಿ ಸೇರುತ್ತೆ. ಆಮೇಲೆ ಪ್ರತಿ ತಿಂಗಳು ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಆ ಕಾರ್ಡ್ ನಡೆಯುವುದಿಲ್ಲ. ಅಲ್ಲಿ ಉಳಿತಾಯ ಮಾಡಬೇಕಾದವರು ನಾವೇ.

ಈಗ ವಿಷಯಕ್ಕೆ ಬರೋಣ. ಪ್ರತಿ ಔಷಧಿಗೂ ಎರಡು ಹೆಸರು. ಒಂದು, ಒಳಗಿರುವ ಔಷಧಿಯ ನಿಜವಾದ ಹೆಸರು. ಇನ್ನೊಂದು, ಕಂಪನಿ ಇಟ್ಟ ಹೆಸರು, ಅಂದರೆ ಬ್ರಾಂಡ್. ಕ್ರೋಸಿನ್, ಡೋಲೋ, ಕಾಲ್ಪಾಲ್ ಬೇರೆ ಬೇರೆ ಕಂಪನಿಯವು. ಒಳಗಿರುವುದು ಮಾತ್ರ ಒಂದೇ, ಪ್ಯಾರಾಸಿಟಮಾಲ್. ಬ್ರಾಂಡ್ ಹೆಸರಿಲ್ಲದೆ, ಔಷಧಿಯ ಸ್ವಂತ ಹೆಸರಿನಲ್ಲೇ ಮಾರುವುದನ್ನು ನಾವು ಜನರಿಕ್ ಅನ್ನುತ್ತೇವೆ. ಒಂದೇ ಗದ್ದೆಯ ಅಕ್ಕಿಯನ್ನು ಬಣ್ಣದ ಚೀಲದಲ್ಲಿ ತುಂಬಿದರೆ ಒಂದು ಬೆಲೆ, ಬಿಡಿಯಾಗಿ ಅಳೆದರೆ ಇನ್ನೊಂದು ಬೆಲೆ ಇದ್ದ ಹಾಗೆ. ಬ್ರಾಂಡಿನ ಬೆಲೆಯಲ್ಲಿ ಪ್ರಚಾರದ ಖರ್ಚು, ಪ್ರತಿನಿಧಿಗಳ ಖರ್ಚು ಎಲ್ಲವೂ ಸೇರಿರುತ್ತೆ.

ಅಗ್ಗದ್ದು ಅಂದರೆ ಕಳಪೆ ಅನ್ನುವ ಅನುಮಾನ ಬಹಳ ಜನಕ್ಕಿದೆ. ಒಂದು ಉದಾಹರಣೆ ಕೇಳಿ. ಏಡ್ಸ್ ರೋಗಿಗಳ ಔಷಧಿಗೆ ಹಿಂದೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೇಕಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಅದೇ ಔಷಧಿಗಳನ್ನು ಜನರಿಕ್ ರೂಪದಲ್ಲಿ ವರ್ಷಕ್ಕೆ ಸುಮಾರು 350 ಡಾಲರಿಗೆ ಕೊಡಲು ಮುಂದೆ ಬಂತು. ಭಾರತದ ಜನರಿಕ್ ಔಷಧಿಯಿಂದ ಆಫ್ರಿಕಾದಲ್ಲಿ ಲಕ್ಷಾಂತರ ಜನ ಬದುಕಿದರು.

ಹಾಗಾದರೆ ಎಲ್ಲಿ ಸಿಗುತ್ತೆ?

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ. ಅಲ್ಲಿ ಕೊಡುವುದೂ ಜನರಿಕ್ಕೇ. ಸಂಕೋಚ ಬೇಡ, ಕೇಳಿ ಪಡೆಯಿರಿ.

ಎರಡನೆಯದು ಜನೌಷಧಿ ಕೇಂದ್ರ. ಕೇಂದ್ರ ಸರ್ಕಾರ 2008ರಲ್ಲಿ ಈ ಯೋಜನೆ ಆರಂಭಿಸಿತು. ಈಗ ದೇಶದಲ್ಲಿ 15,000ಕ್ಕೂ ಹೆಚ್ಚು ಕೇಂದ್ರಗಳಿವೆ, ಅವುಗಳ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಔಷಧಿಗಳಿವೆ. ಹೆಸರುವಾಸಿ ಬ್ರಾಂಡಿಗಿಂತ ಬೆಲೆ ಸಾಮಾನ್ಯವಾಗಿ ಅರ್ಧ, ಕೆಲವು ಇನ್ನೂ ಕಡಿಮೆ. ಮೊಬೈಲ್ ಇರುವ ಮಕ್ಕಳಿಗೆ ಹೇಳಿದರೆ 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಬೆಲೆಯನ್ನೂ ಹುಡುಕಿ ಕೊಡುತ್ತಾರೆ.

ಮೂರನೆಯದಾಗಿ, ಸರ್ಕಾರದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿ. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಇವುಗಳಿಗೆ ಗರಿಷ್ಠ ಬೆಲೆ ನಿಗದಿಯಾಗಿರುತ್ತೆ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಎರಡೂ ಇದರಲ್ಲಿವೆ. ಮೆಡಿಕಲ್ಲಿನಲ್ಲೇ ಕೊಳ್ಳಬೇಕಾದರೂ ಪಟ್ಟಿಯಲ್ಲಿರುವ ಔಷಧಿಯಾದರೆ ಬೆಲೆಗೆ ಒಂದು ಮಿತಿ ಇರುತ್ತೆ.

ಇಲ್ಲಿ ಒಂದು ಮುಖ್ಯ ಮಾತು. ಚೀಟಿಯಲ್ಲಿ ಒಂದು ಬ್ರಾಂಡ್ ಬರೆದಿದ್ದರೆ, ಅಂಗಡಿಯವರು ತಾವಾಗಿಯೇ ಇನ್ನೊಂದನ್ನು ಕೊಡುವಂತಿಲ್ಲ. ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧಿಗಳಿಗೆ ಇದು ಕಾನೂನು. ಆದ್ದರಿಂದ ಅಂಗಡಿಯಲ್ಲಿ ಚರ್ಚೆ ಮಾಡಿ ಫಲವಿಲ್ಲ. ಕೇಳಬೇಕಾದ್ದು ಡಾಕ್ಟರ ಎದುರು ಕುಳಿತಾಗ: "ಡಾಕ್ಟ್ರೇ, ಜನರಿಕ್ ಹೆಸರಲ್ಲಿ ಬರೆದುಕೊಡ್ತೀರಾ? ಇದಕ್ಕಿಂತ ಕಡಿಮೆ ಬೆಲೆಯದ್ದು ನನಗೆ ಆಗುತ್ತಾ?" ಇಷ್ಟು ಕೇಳಲು ನಾವು ಹೆದರಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳು:

1. ಸ್ಟ್ರಿಪ್ಪಿನ ಮೇಲೆ ಔಷಧಿಯ ಹೆಸರು, ಮಿಲಿಗ್ರಾಂ ಎರಡನ್ನೂ ಹೊಂದಿಸಿ ನೋಡಿ. 500 ಬೇರೆ, 1000 ಬೇರೆ. ಹೆಸರಿನ ಮುಂದೆ 'ಎಸ್‌ಆರ್' ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಸಾದಾ ಮಾತ್ರೆಗೆ ಬದಲಿ ಅಲ್ಲ.

2. ಎರಡು ಹೆಸರಿನ ಒಂದೇ ಔಷಧಿಯನ್ನು ಒಟ್ಟಿಗೆ ನುಂಗಬೇಡಿ. ಜ್ವರಕ್ಕೆ ಒಬ್ಬರು ಡೋಲೋ, ಇನ್ನೊಬ್ಬರು ಕ್ರೋಸಿನ್ ಕೊಟ್ಟರೆ, ಎರಡೂ ತಗೊಂಡಾಗ ಪ್ರಮಾಣ ದುಪ್ಪಟ್ಟಾಗುತ್ತೆ. ಪ್ಯಾರಾಸಿಟಮಾಲ್ ಅತಿಯಾದರೆ ಲಿವರಿಗೆ ಅಪಾಯ.

3. ಫಿಟ್ಸ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಬೇಡಿ. ಇವುಗಳಲ್ಲಿ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು.

4. ಜನರಿಕ್ ಅಂದ ಮಾತ್ರಕ್ಕೆ ಅಗ್ಗ ಅಂತ ನಂಬಬೇಡಿ. ಕೆಲವು ಅಂಗಡಿಗಳಲ್ಲಿ ಜನರಿಕ್ಕಿನ ಮೇಲೂ ಎಂ.ಆರ್.ಪಿ. ಹೆಚ್ಚಿರುತ್ತೆ. ಬೆಲೆ ಕೇಳಿ, ಅವಧಿ ಮುಗಿಯುವ ದಿನಾಂಕ ನೋಡಿ, ಬಿಲ್ ಪಡೆಯಿರಿ.

5. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡಿಲ್ಲ ಅಂತ ಮಾತ್ರೆ ಬಿಡಬೇಡಿ, ಅರ್ಧ ಮಾಡಬೇಡಿ. ಸಂಘದಲ್ಲಿ ಬಾಯಿಬಿಟ್ಟು ಹೇಳಿ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿ ದಿನಾ ತಗೊಳ್ಳುವ ಮಾತ್ರೆಯ ಸ್ಟ್ರಿಪ್ ಮತ್ತು ಚೀಟಿ ತನ್ನಿ. ಓದು ಬಲ್ಲ ಸದಸ್ಯೆಯರು ಔಷಧಿಯ ನಿಜವಾದ ಹೆಸರು, ಮಿಲಿಗ್ರಾಂ, ಈಗ ಕೊಡುತ್ತಿರುವ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಆ ಪುಸ್ತಕ ಹಿಡಿದು ಇಬ್ಬರು ಜನೌಷಧಿ ಕೇಂದ್ರಕ್ಕೆ ಹೋಗಿ ಬೆಲೆ ಕೇಳಿ ಬರಲಿ. ಉಳಿಯುವುದು ಎಷ್ಟು ಅಂತ ಆಗ ನಮಗೇ ಗೊತ್ತಾಗುತ್ತೆ. ಚೀಟಿ ಬದಲಾಯಿಸುವುದು ಮಾತ್ರ ಡಾಕ್ಟರ ಕೈಯಿಂದಲೇ ಆಗಬೇಕು.

ಆರು ತಿಂಗಳ ನಂತರ ಲೆಕ್ಕಪುಸ್ತಕ ನೋಡುವಾಗ 'ಔಷಧಿ ಖರ್ಚು' ಅನ್ನುವ ಸಾಲುಗಳು ಕಡಿಮೆಯಾಗಿರಲಿ, ಆದರೆ ಒಬ್ಬರೂ ಮಾತ್ರೆ ಬಿಟ್ಟಿರದಿರಲಿ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.