ಕೇಳುವ ವಿದ್ಯೆಗೂ ಉಸ್ತಾದ್ ಬೇಕು

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ವಿಶ್ವವಿದ್ಯಾಲಯದ ತರಬೇತಿ ಕ್ಲಿನಿಕ್ ಒಂದರ ಮೇಲ್ವಿಚಾರಕ ಮನಶ್ಶಾಸ್ತ್ರಜ್ಞರ ಪರವಾಗಿ ಮಾಡಿದ ಭಾಷಣ)

 

ಆಪ್ತಸಮಾಲೋಚನೆ ಕಲಿಯುವ ವಿದ್ಯಾರ್ಥಿಗಳ ಕೆಲಸವನ್ನು ನೋಡಿಕೊಳ್ಳುವ ಮನಶ್ಶಾಸ್ತ್ರಜ್ಞರು ನಾವು. "ಇನ್ನೊಬ್ಬರ ಕಷ್ಟ ಕೇಳಿ ನಾಲ್ಕು ಸಮಾಧಾನದ ಮಾತು ಹೇಳಲು ತರಬೇತಿ ಯಾಕೆ, ಅದಕ್ಕೆ ಮೇಲ್ವಿಚಾರಕರು ಯಾಕೆ?" ಎಂದು ನಮ್ಮನ್ನು ಹಲವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಿ, ಕೊನೆಯಲ್ಲಿ ನಿಮ್ಮಿಂದ ಒಂದು ಸಹಾಯ ಕೇಳುತ್ತೇವೆ.

ಹೊಲಿಗೆ ಕಲಿಯಲು ಬಂದ ಹುಡುಗನಿಗೆ ಉಸ್ತಾದ್ ಮೊದಲು ಹಳೇ ಬಟ್ಟೆಯ ತುಂಡು ಕೊಡುತ್ತಾರೆ. ಅದು ಹಾಳಾದರೂ ನಷ್ಟವಿಲ್ಲ. ನಮ್ಮ ವಿದ್ಯೆಯಲ್ಲಿ ಹಾಗಲ್ಲ. ತರಗತಿಯಲ್ಲಿ ಎಷ್ಟೇ ಅಭ್ಯಾಸ ಮಾಡಿದ್ದರೂ, ಮೊದಲ ದಿನ ಎದುರಿಗೆ ಬಂದು ಕೂರುವವರು ನಿಜವಾದ ನೋವಿರುವ ಮನುಷ್ಯರು. ಆದ್ದರಿಂದ ವಿದ್ಯಾರ್ಥಿಯ ಬೆನ್ನ ಹಿಂದೆ ಅನುಭವಿಯೊಬ್ಬರು ಇರಲೇಬೇಕು.

ಬಂದವರು ಒಪ್ಪಿ ಸಹಿ ಹಾಕಿದರೆ ಮಾತ್ರ ಮಾತುಕತೆಯನ್ನು ರೆಕಾರ್ಡ್ ಮಾಡುತ್ತೇವೆ. ಇಲ್ಲವಾದರೆ ವಿದ್ಯಾರ್ಥಿ ಬರೆದ ಟಿಪ್ಪಣಿಯೇ ಆಧಾರ. ವಾರಕ್ಕೊಮ್ಮೆ ಅದನ್ನು ಮುಂದಿಟ್ಟುಕೊಂಡು ಕೂರುತ್ತೇವೆ. "ಅವರು ಅತ್ತಾಗ ನೀನು ವಿಷಯ ಬದಲಿಸಿದೆ, ಯಾಕಮ್ಮ?" ಎಂದು ಕೇಳುತ್ತೇವೆ. ಅಳು ನೋಡಲಾಗದೆ ಬದಲಿಸಿದ್ದಾಳೆ ಎಂದು ಅವಳಿಗೇ ಆಗ ಹೊಳೆಯುತ್ತದೆ. ಮುಂದಿನ ವಾರ ಅವಳು ಸುಮ್ಮನೆ ಕೂತು ಕೇಳುತ್ತಾಳೆ. ಎದುರಿನವರು ಹೇಳಬೇಕೆಂದಿದ್ದ ಮಾತು ಅಂದು ಹೊರಗೆ ಬರುತ್ತದೆ.

ಭಾಷೆಯ ವಿಷಯವೂ ಇದೆ. ನಮ್ಮ ತಾಯಂದಿರು "ನನಗೆ ಖಿನ್ನತೆ" ಎನ್ನುವುದಿಲ್ಲ. "ದಿಲ್ ಘಬ್ರಾರಾ" ಎನ್ನುತ್ತಾರೆ. ಎದೆ ಭಾರ, ತಲೆ ಬಿಸಿ, ನಿದ್ದೆ ಇಲ್ಲ ಎನ್ನುತ್ತಾರೆ. ಹೃದಯದ ಕಾಯಿಲೆ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಬೇಕು, ಮನಸ್ಸಿನ ಸಂಕಟವಿದೆಯೇ ಎಂದೂ ವಿಚಾರಿಸಬೇಕು. ಮನೆಯವರು ಜಿನ್ನ್ ಬಾಧೆ ಎಂದರೆ ನಗಬಾರದು, ವಾದ ಮಾಡಬಾರದು. ದುಆ ಮುಂದುವರಿಸಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ ಎಂದು ಹೇಳಲು ಕಲಿಸುತ್ತೇವೆ.

ಸಾಯಬೇಕು ಅನಿಸುತ್ತಿದೆ ಎಂದು ಯಾರಾದರೂ ಹೇಳಿದರೆ ವಿದ್ಯಾರ್ಥಿ ಒಬ್ಬಂಟಿಯಾಗಿ ತೀರ್ಮಾನಿಸುವಂತಿಲ್ಲ. ಆ ಕ್ಷಣವೇ ನಮ್ಮನ್ನು ಕರೆಯಬೇಕು. ಕೇಸ್ ಆಗುತ್ತದೆ ಎಂಬ ಭಯದಿಂದ ಎಷ್ಟೋ ಕುಟುಂಬಗಳು ಇದನ್ನು ಮುಚ್ಚಿಡುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು ಎನ್ನುತ್ತದೆ. ಗೋಪ್ಯತೆಯ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಪ್ರಾಣಾಪಾಯ ತಪ್ಪಿಸಲು ಹೇಳಲೇಬೇಕಾದ ಸಂದರ್ಭಗಳ ಹೊರತು, ಕೋಣೆಯಲ್ಲಿ ಕೇಳಿದ ಮಾತು ಅಮಾನತ್. ಎಲ್ಲರೂ ಎಲ್ಲರನ್ನೂ ಬಲ್ಲ ಮೊಹಲ್ಲಾಗಳಲ್ಲಿ ಈ ಅಮಾನತ್ ಉಳಿಸಿಕೊಳ್ಳುವುದು ಸುಲಭವಲ್ಲ. ಅದನ್ನೇ ನಾವು ಮೊದಲ ಪಾಠವಾಗಿ ಹೇಳುತ್ತೇವೆ.

ಈ ಕೆಲಸಕ್ಕೆ ಜನ ಸಾಲದು. ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

"ಈಮಾನ್ ಗಟ್ಟಿಯಿದ್ದರೆ ಇದೆಲ್ಲ ಯಾಕೆ?" ಎನ್ನುವ ಹಿರಿಯರಿಗೆ ವಿನಯದಿಂದ ಎರಡು ವಿಷಯ ನೆನಪಿಸುತ್ತೇವೆ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ದುಃಖ, ಭಯ, ಕೋಪ, ಬಿಡದೆ ಕಾಡುವ ಯೋಚನೆ ಇವುಗಳಿಗೆ ಪರಿಹಾರ ವಿವರಿಸಿದರು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು, ವೈದ್ಯವಿದ್ಯೆಯ ಪಾಠವೂ ನಡೆಯುತ್ತಿತ್ತು. ಅದರ ಖರ್ಚು ನಡೆದದ್ದು ವಕ್ಫ್ ಆದಾಯದಿಂದ. ಅಂದರೆ ದಾನದ ಹಣ ರೋಗಿಯನ್ನೂ ನೋಡಿಕೊಂಡಿತು, ರೋಗಿಯನ್ನು ನೋಡಿಕೊಳ್ಳುವವರನ್ನೂ ತಯಾರು ಮಾಡಿತು.

ದಾನಿಗಳಲ್ಲಿ ನಮ್ಮ ಮನವಿ ಇಷ್ಟೇ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಮನಶ್ಶಾಸ್ತ್ರಕ್ಕೂ ಸ್ಥಾನ ಕೊಡಿ. ನಮ್ಮ ಕ್ಲಿನಿಕ್‌ನಲ್ಲಿ ಕಲಿಯುವವರಿಗೆ ಸಂಬಳವಿಲ್ಲ. ಹಗಲೆಲ್ಲ ಕ್ಲಿನಿಕ್, ಸಂಜೆ ಟಿಪ್ಪಣಿ. ಜೊತೆಗೆ ನೌಕರಿ ಮಾಡುವುದು ಕಷ್ಟ. ಫೀಸು ಹೇಗೋ ಕಟ್ಟಿದ ಮಗು ಬಸ್ ಚಾರ್ಜಿಗೆ, ಹಾಸ್ಟೆಲ್ ಬಾಡಿಗೆಗೆ ಸೋತು ಓದು ನಿಲ್ಲಿಸಬಾರದು.

ಹೆತ್ತವರಲ್ಲಿಯೂ ಒಂದು ಮಾತು. ಕೆಲವೇ ವಾರಗಳಲ್ಲಿ "ಕೌನ್ಸೆಲರ್" ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರಿಗೆ ಹಣ ಕಟ್ಟಬೇಡಿ. 2025ರಿಂದ ಮನಶ್ಶಾಸ್ತ್ರ ಪದವಿಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡಬಾರದೆಂದು ಯುಜಿಸಿ ಸೂಚಿಸಿದೆ. ಕಾಲೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಪದವಿಗೆ ಮಾನ್ಯತೆ ಇದೆಯೇ? ನಮ್ಮ ಮಗು ನಿಜವಾದ ಕ್ಲಿನಿಕ್‌ನಲ್ಲಿ ಕೆಲಸ ಕಲಿಯುತ್ತದೆಯೇ? ಅಲ್ಲಿ ಅದರ ಕೆಲಸ ನೋಡಿ ತಿದ್ದುವವರು ಯಾರು? ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಾಲೇಜು ನೋಡಿ.

ನಿಮ್ಮ ಮನೆಯಲ್ಲಿಯೇ ಯಾರಾದರೂ ಸಂಕಟದಲ್ಲಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಈ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.